ಮೂಲೆಗೆ ಕಳುಹಿಸಿದಷ್ಟೂ ಕಿರುಚಾಟ ಹೆಚ್ಚುತ್ತಿದೆ: ತಪ್ಪಿರುವುದು ಎಬಿಎ ತಂತ್ರವೇ, ನನ್ನ ಗ್ರಹಿಕೆಯೇ?

ಪ್ರಶ್ನೆ: ಹೊಸ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ವಿಶೇಷ ಶಿಕ್ಷಣ ತರಬೇತಿಯ ಎರಡನೇ ವರ್ಷದಲ್ಲಿದ್ದೇನೆ. ತರಬೇತಿಯ ಅಂಗವಾಗಿ ಆಟಿಸಂ ಇರುವ ಏಳು ವರ್ಷದ ಹುಡುಗನೊಬ್ಬನ ಜೊತೆ ದಿನಕ್ಕೆ ಎರಡು ಗಂಟೆ ಕೆಲಸ ಮಾಡುತ್ತೇನೆ. ಅವನು ಎರಡು ಮೂರು ಪದಗಳ ಸಣ್ಣ ವಾಕ್ಯಗಳನ್ನು ಆಡಬಲ್ಲ, ಚಿತ್ರಗಳನ್ನು ತಪ್ಪಿಲ್ಲದೆ ಗುರುತಿಸುತ್ತಾನೆ, ಬಿಲ್ಲೆಗಳನ್ನು ಬಣ್ಣವಾರು ಜೋಡಿಸುವುದೆಂದರೆ ಅವನಿಗೆ ಪ್ರಾಣ. ಆದರೆ ಬರೆಯುವ ಪುಸ್ತಕ ಮೇಜಿನ ಮೇಲೆ ಬಂದೊಡನೆ ಪೆನ್ಸಿಲ್ ಎಸೆದು ಕಿರುಚತೊಡಗುತ್ತಾನೆ, ಕೆಲವೊಮ್ಮೆ ಪುಸ್ತಕವನ್ನೇ ನೆಲಕ್ಕೆ ತಳ್ಳಿಬಿಡುತ್ತಾನೆ.

ಅನ್ವಯಿಕ ವರ್ತನಾ ವಿಶ್ಲೇಷಣೆಯ, ಅಂದರೆ ಎಬಿಎಯ, ಮೂಲ ಪರಿಕಲ್ಪನೆಗಳನ್ನು ನಾವು ತರಗತಿಯಲ್ಲಿ ಓದಿದ್ದೇವೆ. ಅದರಂತೆ ಮೊದಲು ಟೋಕನ್ ಹಲಗೆ ಮಾಡಿದೆ: ಒಂದು ಸಾಲು ಬರೆದರೆ ಒಂದು ನಕ್ಷತ್ರ, ಐದು ನಕ್ಷತ್ರಕ್ಕೆ ಬಿಲ್ಲೆಗಳ ಆಟ. ಅವನು ಒಂದು ನಕ್ಷತ್ರವನ್ನೂ ಗಳಿಸಲಿಲ್ಲ. ಬಳಿಕ ಕಿರುಚಾಟವನ್ನು ನೋಡಿಯೂ ನೋಡದಂತೆ ಇದ್ದೆ. ಅದೂ ಫಲಿಸದಿದ್ದಾಗ ಟೈಮ್ ಔಟ್ ಪ್ರಯೋಗಿಸಿ, ಕಿರುಚಿದಾಗಲೆಲ್ಲ ಮೂರು ನಿಮಿಷ ಕೋಣೆಯ ಮೂಲೆಯ ಕುರ್ಚಿಯಲ್ಲಿ ಕೂರಿಸತೊಡಗಿದೆ. ಮೊದಲ ವಾರ ದಿನಕ್ಕೆ ನಾಲ್ಕೈದು ಸಲ ಆಗುತ್ತಿದ್ದದ್ದು ಮೂರನೆಯ ವಾರದ ಹೊತ್ತಿಗೆ ಹನ್ನೊಂದು, ಹನ್ನೆರಡಕ್ಕೆ ಏರಿದೆ. ವಿಚಿತ್ರವೆಂದರೆ ಮೂಲೆಯ ಕುರ್ಚಿಗೆ ಅವನು ಅಳದೆ, ತಾನಾಗಿಯೇ ನಡೆದು ಹೋಗುತ್ತಾನೆ, ಅಲ್ಲಿ ಕುಳಿತು ತನ್ನಷ್ಟಕ್ಕೆ ಗುನುಗಿಕೊಳ್ಳುತ್ತಾನೆ.

ಶಿಕ್ಷೆ ಎಂದರೆ ವರ್ತನೆಯನ್ನು ಕಡಿಮೆ ಮಾಡುವಂಥದ್ದು ಎಂದು ಓದಿದ್ದೇನೆ. ಹಾಗಿದ್ದರೆ ಶಿಕ್ಷೆ ಕೊಟ್ಟಷ್ಟೂ ವರ್ತನೆ ಹೆಚ್ಚುವುದು ಹೇಗೆ? ನನ್ನ ಸಹಪಾಠಿಯೊಬ್ಬರು ‘ನೀವು ಮಾಡುತ್ತಿರುವುದು ಋಣಾತ್ಮಕ ಪುನರ್ಬಲನ’ ಎಂದರು. ಋಣಾತ್ಮಕ ಪುನರ್ಬಲನವೆಂದರೆ ಶಿಕ್ಷೆಯ ಇನ್ನೊಂದು ಹೆಸರೆಂದೇ ನಾನು ತಿಳಿದುಕೊಂಡಿದ್ದೆ. ಕಡೆಗಣಿಸುವುದನ್ನು ಇನ್ನೂ ಕೆಲವು ವಾರ ಮುಂದುವರಿಸಿದ್ದರೆ ಫಲ ಸಿಗುತ್ತಿತ್ತೇ ಎಂಬುದೂ ತಿಳಿಯುತ್ತಿಲ್ಲ. ಇವೆಲ್ಲದರ ನಡುವೆ ಹಿರಿಯ ಶಿಕ್ಷಕರೊಬ್ಬರು ‘ಇದು ಪ್ರಾಣಿಗಳನ್ನು ಪಳಗಿಸುವ ವಿದ್ಯೆ, ಮಕ್ಕಳಿಗೆ ಸಲ್ಲದು’ ಎಂದದ್ದು ಮನಸ್ಸನ್ನು ಕೊರೆಯುತ್ತಿದೆ. ಅನುಭವಸ್ಥರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ 1: ಅಳತೆ ಪುಸ್ತಕ

ನಮಸ್ಕಾರ ಮೇಡಂ. ನಿಮ್ಮ ಪ್ರಶ್ನೆಗೆ ಉತ್ತರದ ಮುಕ್ಕಾಲು ಭಾಗ ನೀವೇ ಬರೆದ ಒಂದು ವಾಕ್ಯದಲ್ಲಿದೆ: ಹುಡುಗ ಅಳದೆ ತಾನಾಗಿಯೇ ಮೂಲೆಗೆ ನಡೆದು ಹೋಗುತ್ತಾನೆ. ಇಷ್ಟು ಎಚ್ಚರದಿಂದ ಗಮನಿಸಿದ್ದೀರಿ ಎಂಬುದೇ ಸಂತೋಷದ ವಿಷಯ, ಏಕೆಂದರೆ ಬಹಳಷ್ಟು ಮಂದಿ ಕಿರುಚಾಟವನ್ನು ಎಣಿಸುತ್ತಾರೆಯೇ ಹೊರತು ಕಿರುಚಿದ ಮೇಲೆ ಏನಾಯಿತು ಎಂಬುದನ್ನು ನೋಡುವುದಿಲ್ಲ.

ಎಬಿಎಯಲ್ಲಿ ಒಂದು ಕ್ರಮಕ್ಕೆ ಹೆಸರು ಬರುವುದು ಅದನ್ನು ಮಾಡಿದವರ ಉದ್ದೇಶದಿಂದಲ್ಲ. ಅದರ ನಂತರದ ದಿನಗಳಲ್ಲಿ ವರ್ತನೆ ಹೆಚ್ಚಿತೋ ಕುಗ್ಗಿತೋ ಎಂಬುದರಿಂದ. ಪೆಟ್ಟಿಗೆಯೊಳಗೆ ಕೂಡಿಹಾಕಿದ ಬೆಕ್ಕುಗಳು ಅಗುಳಿ ತೆಗೆದು ಹೊರಬರಲು ಕಲಿಯುವ ಬಗೆಯನ್ನು ಮನೋವಿಜ್ಞಾನಿ ಥಾರ್ನ್‌ಡೈಕ್ 1898ರಲ್ಲಿ ವರದಿ ಮಾಡಿದಾಗಿನಿಂದ ಈ ಎಳೆ ಶುರುವಾಗುತ್ತದೆ. ಬಿ. ಎಫ್. ಸ್ಕಿನ್ನರ್ 1938ರ ತಮ್ಮ ಗ್ರಂಥದಲ್ಲಿ ಅದನ್ನು ಕ್ರಿಯಾಜನ್ಯ ಅನುಬಂಧನದ, ಅಂದರೆ ಪರಿಣಾಮಗಳಿಂದ ವರ್ತನೆ ಬದಲಾಗುವ ಕಲಿಕೆಯ, ವ್ಯವಸ್ಥಿತ ವಿವರಣೆಯಾಗಿ ಬೆಳೆಸಿದರು. ಪರಿಣಾಮವೊಂದು ಬಂದ ಮೇಲೆ ವರ್ತನೆ ಮುಂದೆ ಹೆಚ್ಚಾದರೆ ಅದು ಪುನರ್ಬಲನ, ಕಡಿಮೆಯಾದರೆ ಶಿಕ್ಷೆ. ನಾವು ಮುಖ ಗಂಟಿಕ್ಕಿ ಕೊಟ್ಟದ್ದೂ ಪುನರ್ಬಲನವಾಗಬಹುದು, ನಗುತ್ತಾ ಕೊಟ್ಟದ್ದೂ ಶಿಕ್ಷೆಯಾಗಬಹುದು. ಎಲ್ಲರೆದುರು ಹೊಗಳಿದರೆ ಮುದುಡಿಕೊಳ್ಳುವ ಮಗುವಿಗೆ ಆ ಹೊಗಳಿಕೆಯೇ ಶಿಕ್ಷೆ. ನಿಮ್ಮ ಮೂಲೆಯ ಕುರ್ಚಿಗೆ ನೀವಿಟ್ಟ ಹೆಸರು ಶಿಕ್ಷೆ. ನಾಲ್ಕು ಇದ್ದದ್ದು ಹನ್ನೊಂದಾಗಿದೆ ಎಂದ ಮೇಲೆ ಆ ಹುಡುಗನ ಮಟ್ಟಿಗೆ ಅದು ಪುನರ್ಬಲನ.

ಇನ್ನು ಧನ ಮತ್ತು ಋಣ. ಇವು ಒಳ್ಳೆಯದು, ಕೆಟ್ಟದ್ದು ಎಂಬ ಅರ್ಥದ ಪದಗಳಲ್ಲ, ಲೆಕ್ಕದ ಕೂಡುವ ಮತ್ತು ಕಳೆಯುವ ಚಿಹ್ನೆಗಳು. ವರ್ತನೆಯ ಬೆನ್ನಿಗೆ ಏನೋ ಒಂದು ಸೇರಿ ಆ ವರ್ತನೆ ಬಲಗೊಂಡರೆ ಅದು ಧನಾತ್ಮಕ ಪುನರ್ಬಲನ. ಇದ್ದ ಒಂದು ಕಿರಿಕಿರಿ ತೊಲಗಿ ಆ ವರ್ತನೆ ಬಲಗೊಂಡರೆ ಅದು ಋಣಾತ್ಮಕ ಪುನರ್ಬಲನ. ತಲೆನೋವಿಗೆ ಮಾತ್ರೆ ನುಂಗಿದಾಗ ನೋವು ಹೋಗುತ್ತದೆ, ಆದ್ದರಿಂದ ಮುಂದಿನ ಸಲವೂ ಮಾತ್ರೆ ಹುಡುಕುತ್ತೇವೆ. ಸೀಟ್ ಬೆಲ್ಟ್ ಹಾಕಿಕೊಳ್ಳುವವರೆಗೆ ಕಾರು ಕೀಂಗುಟ್ಟುತ್ತದೆ, ಹಾಕಿದೊಡನೆ ಸದ್ದು ನಿಲ್ಲುತ್ತದೆ. ಎರಡರಲ್ಲೂ ಯಾರಿಗೂ ಶಿಕ್ಷೆಯಾಗಿಲ್ಲ. ಈ ಗೊಂದಲ ನಿಮ್ಮೊಬ್ಬರದೇ ಅಲ್ಲ. ಧನ, ಋಣ ಎಂಬ ವಿಂಗಡಣೆಯೇ ಇನ್ನು ಬೇಕಿಲ್ಲ ಎಂದು ಜ್ಯಾಕ್ ಮೈಕೆಲ್ 1975ರಲ್ಲೇ ವಾದಿಸಿದ್ದರು. ಆದರೂ ಪದಗಳು ಉಳಿದುಕೊಂಡಿವೆ, ಪರೀಕ್ಷೆಯಲ್ಲಿ ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಎಡವಿಸುತ್ತಲೂ ಇವೆ.

ಈಗ ನಿಮ್ಮ ಕೋಣೆಗೆ ಬರೋಣ. ಬರವಣಿಗೆ ಮೇಜಿಗೆ ಬಂತು, ಹುಡುಗ ಕಿರುಚಿದ, ನೀವು ಅವನನ್ನು ಮೂಲೆಗೆ ಕಳುಹಿಸಿದಿರಿ, ಅಂದರೆ ಬರವಣಿಗೆ ಮೂರು ನಿಮಿಷ ಮಾಯವಾಯಿತು. ಟೈಮ್ ಔಟ್ ಎಂಬುದರ ಪೂರ್ಣ ಅರ್ಥ ಧನಾತ್ಮಕ ಪುನರ್ಬಲನದಿಂದ ಕೆಲಕಾಲ ಹೊರಗಿಡುವುದು. ಆಟದ ನಡುವೆ ಇನ್ನೊಬ್ಬರನ್ನು ತಳ್ಳಿದ ಮಗುವನ್ನು ಒಂದು ನಿಮಿಷ ಆಟದಿಂದ ಹೊರಗೆ ಕೂರಿಸಿದರೆ ಅದಕ್ಕೆ ಅರ್ಥವುಂಟು, ಏಕೆಂದರೆ ಒಳಗೆ ಮಗು ಕಳೆದುಕೊಳ್ಳುವಂಥದ್ದು ಏನೋ ಇದೆ. ಒಳಗಿರುವುದೇ ಬೇಡವಾದದ್ದಾದರೆ ಹೊರಗೆ ಕಳುಹಿಸುವುದು ಬಿಡುಗಡೆಯಾಗುತ್ತದೆ.

ಇದರಲ್ಲಿ ಇನ್ನೊಂದು ಬಲೆಯೂ ಇದೆ, ಹೇಳಿದರೆ ಬೇಸರಿಸಬೇಡಿ. ಮೂಲೆಗೆ ಕಳುಹಿಸಿದೊಡನೆ ಕಿರುಚಾಟ ನಿಂತು ಕೋಣೆ ಶಾಂತವಾಗುತ್ತದೆ, ನಿಮ್ಮ ಎದೆಬಡಿತವೂ ತಹಬಂದಿಗೆ ಬರುತ್ತದೆ. ಅಂದರೆ ಅವನನ್ನು ಮೂಲೆಗೆ ಕಳುಹಿಸುವ ನಿಮ್ಮ ವರ್ತನೆಗೂ ಋಣಾತ್ಮಕ ಪುನರ್ಬಲನ ಸಿಗುತ್ತಿದೆ. ಹುಡುಗ ನಿಮಗೆ ಕಲಿಸುತ್ತಿದ್ದಾನೆ, ನೀವು ಹುಡುಗನಿಗೆ ಕಲಿಸುತ್ತಿದ್ದೀರಿ, ಇಬ್ಬರೂ ಜಾಣರಾಗಿರುವುದರಿಂದ ಇಬ್ಬರೂ ಬೇಗ ಕಲಿತಿದ್ದೀರಿ. ಮೂರು ವಾರವಾದರೂ ನೀವು ಈ ಕ್ರಮವನ್ನು ಬಿಡದಿರುವುದಕ್ಕೆ ಇದೂ ಒಂದು ಕಾರಣ. ನನ್ನ ಮೊದಲ ವರ್ಷ ನಾನೂ ಹೀಗೆಯೇ ಒಂದು ಮಗುವಿಗೆ ಕೋಣೆಯಿಂದ ಓಡಿಹೋಗುವುದನ್ನು ಎರಡು ತಿಂಗಳು ಶ್ರದ್ಧೆಯಿಂದ ಕಲಿಸಿದ್ದೆ.

ಇಷ್ಟರ ಮೇಲೂ ನಾನು ಹೇಳಿದ್ದು ಊಹೆ ಮಾತ್ರ. ಅದನ್ನು ಪರೀಕ್ಷಿಸಲು ಒಂದು ವಾರ ಏನನ್ನೂ ಬದಲಿಸದೆ ಎಬಿಸಿ ದಾಖಲೆ ಇಡಿ. ಪ್ರತಿ ಘಟನೆಗೂ ಮೂರು ಅಂಕಣ: ಅದಕ್ಕೆ ಸ್ವಲ್ಪ ಮುನ್ನ ಏನಿತ್ತು, ಹುಡುಗ ಏನು ಮಾಡಿದ, ಅದರ ಬೆನ್ನಿಗೆ ಏನಾಯಿತು. ಎರಡನೆಯ ಅಂಕಣದಲ್ಲಿ ‘ಹಟ ಮಾಡಿದ’, ‘ಸಿಟ್ಟಾದ’ ಎಂದು ಬರೆಯಬೇಡಿ. ‘ಪೆನ್ಸಿಲನ್ನು ಒಂದು ಮೀಟರಿಗಿಂತ ದೂರ ಎಸೆದ, ಪಕ್ಕದ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದ’ ಎಂದು ಬರೆಯಿರಿ. ಇಬ್ಬರು ನೋಡಿದರೆ ಇಬ್ಬರ ಎಣಿಕೆಯೂ ಒಂದೇ ಬರುವಂತಿರಬೇಕು. ಮೂರನೆಯ ಅಂಕಣದಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಲಾಭಗಳು ಕಾಣಸಿಗುತ್ತವೆ: ಯಾರದಾದರೂ ಗಮನ, ಬೇಕಾದ ವಸ್ತು ಅಥವಾ ಚಟುವಟಿಕೆ, ಬೇಡದ್ದರಿಂದ ಪಾರಾಗುವುದು, ಮತ್ತು ಆ ವರ್ತನೆಯೇ ನೀಡುವ ದೈಹಿಕ ಅನುಭವ. ಬ್ರಯನ್ ಇವಾಟಾ ಮತ್ತು ಸಂಗಡಿಗರು 1982ರಲ್ಲಿ ತಮ್ಮನ್ನೇ ಗಾಯಗೊಳಿಸಿಕೊಳ್ಳುತ್ತಿದ್ದ 9 ಮಂದಿಯನ್ನು ಬೇರೆ ಬೇರೆ ಸನ್ನಿವೇಶಗಳಲ್ಲಿ ಗಮನಿಸಿದಾಗ, ಹೊರಗಿನಿಂದ ಒಂದೇ ರೀತಿ ಕಾಣುವ ವರ್ತನೆ ಅವರಲ್ಲಿ 6 ಮಂದಿಯಲ್ಲಿ ಒಂದೊಂದು ನಿರ್ದಿಷ್ಟ ಸನ್ನಿವೇಶದಲ್ಲಿ ಏರುತ್ತಿತ್ತು. ಅಂಥ ಪ್ರಾಯೋಗಿಕ ಪರೀಕ್ಷೆಯನ್ನು ಅನುಭವಿ ಮೇಲ್ವಿಚಾರಕರಿಲ್ಲದೆ ನೀವೇ ಮಾಡಲು ಹೋಗಬೇಡಿ, ನಿಮಗೆ ಈಗ ದಾಖಲೆಯೇ ಸಾಕು.

ಹಾಂ, ಅದಕ್ಕೂ ಮೊದಲು ಕಿವಿನೋವು, ಹಲ್ಲುನೋವು, ನಿದ್ರೆಯ ಕೊರತೆ, ದೃಷ್ಟಿದೋಷ ಇವುಗಳನ್ನು ವೈದ್ಯರಿಂದ ತಪಾಸಣೆ ಮಾಡಿಸಲು ಪೋಷಕರಿಗೆ ಹೇಳಿ. ನೋವಿನಿಂದ ಬಂದ ಕಿರುಚಾಟಕ್ಕೆ ಟೋಕನ್ ಹಲಗೆ ಮದ್ದಲ್ಲ.

ಉತ್ತರ 2: ನಿಧಾನಗತಿ

ಮೇಲಿನವರು ಹೇಳಿದ್ದನ್ನು ಒಪ್ಪುತ್ತಲೇ, ನೀವು ಕೇಳಿದ ‘ಇನ್ನೂ ಕೆಲವು ವಾರ ಕಡೆಗಣಿಸಿದ್ದರೆ?’ ಎಂಬ ಪ್ರಶ್ನೆಯನ್ನಷ್ಟೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಎಬಿಎಯಲ್ಲಿ ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವ ತಂತ್ರ ಇದೇ ಎಂಬುದು ನನ್ನ ಅನಿಸಿಕೆ.

ಕಡೆಗಣಿಸುವುದು ಮತ್ತು ಎಕ್ಸ್‌ಟಿಂಕ್ಷನ್ ಎರಡೂ ಒಂದೇ ಅಲ್ಲ. ಎಕ್ಸ್‌ಟಿಂಕ್ಷನ್ ಎಂದರೆ ಇದುವರೆಗೆ ವರ್ತನೆಯನ್ನು ಪೋಷಿಸುತ್ತಿದ್ದ ಪ್ರತಿಫಲ ಯಾವುದೋ ಅದನ್ನು, ಅದನ್ನು ಮಾತ್ರ, ನಿಲ್ಲಿಸುವುದು. ಗಮನಕ್ಕಾಗಿ ಕೂಗುವ ಮಗುವಿನ ವಿಷಯದಲ್ಲಿ ಕಡೆಗಣಿಸುವುದು ಎಕ್ಸ್‌ಟಿಂಕ್ಷನ್ ಆಗುತ್ತದೆ. ಕೆಲಸ ತಪ್ಪಿಸಿಕೊಳ್ಳಲು ಕೂಗುವ ಮಗುವನ್ನು ಕಡೆಗಣಿಸಿದರೆ, ಆ ಹೊತ್ತಿನಲ್ಲಿ ಯಾರೂ ಕೆಲಸ ಹೇಳುವುದಿಲ್ಲವಾದ್ದರಿಂದ, ಕೇಳಿದ್ದನ್ನು ಕೊಟ್ಟಂತೆಯೇ ಆಗುತ್ತದೆ. ನೀವು ಹತ್ತು ವಾರ ಮುಂದುವರಿಸಿದ್ದರೂ ಇಲ್ಲಿ ಫಲ ಸಿಗುತ್ತಿರಲಿಲ್ಲ.

ಗಮನವೇ ಪ್ರತಿಫಲವಾಗಿರುವ ಕಡೆಗೂ ದಾರಿ ನೇರವಲ್ಲ. ಸಿ. ಡಿ. ವಿಲಿಯಮ್ಸ್ 1959ರಲ್ಲಿ ಬರೆದ ಪುಟ್ಟ ವರದಿಯೊಂದು ಈ ವಿಷಯದಲ್ಲಿ ಇಂದಿಗೂ ಕಣ್ಣು ತೆರೆಸುವಂತಿದೆ. ಸುಮಾರು 21 ತಿಂಗಳ ಒಂದು ಮಗು ದೀರ್ಘ ಕಾಯಿಲೆಯಿಂದ ಚೇತರಿಸಿಕೊಂಡ ಮೇಲೂ, ತಾನು ನಿದ್ದೆಹೋಗುವವರೆಗೆ ದೊಡ್ಡವರು ಕೋಣೆ ಬಿಟ್ಟರೆ ರಂಪ ಮಾಡುತ್ತಿತ್ತು. ಮಲಗಿಸಿ ಬಾಗಿಲು ಮುಚ್ಚಿ ಹೊರಬಂದ ಮೊದಲ ಸಲ ಮಗು 45 ನಿಮಿಷ ಅತ್ತಿತು. ಹತ್ತನೆಯ ಸಲದ ಹೊತ್ತಿಗೆ ಅಳುವೇ ಇರಲಿಲ್ಲ. ಸುಮಾರು ಒಂದು ವಾರದ ಬಳಿಕ ಮಗುವಿನ ತಂದೆತಾಯಿಯ ಬದಲು ಬಂಧು ಹೆಂಗಸೊಬ್ಬರು ಮಲಗಿಸಿದರು, ಮಗು ಮತ್ತೆ ಅತ್ತಿತು, ಅವರು ಕನಿಕರದಿಂದ ಒಳಗೆ ಹೋಗಿ ನಿದ್ದೆ ಬರುವವರೆಗೆ ಕುಳಿತರು. ಅಷ್ಟಕ್ಕೇ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಆ ಹೆಂಗಸನ್ನು ನಾನು ದೂರುವುದಿಲ್ಲ. ಅವರಿಗೆ ಯೋಜನೆಯನ್ನು ತಿಳಿಸಿ ಹೇಳಿದ್ದರೋ ಇಲ್ಲವೋ ಎಂಬ ಪ್ರಶ್ನೆಯೇ ಮೊದಲು ಏಳಬೇಕು. ಸುತ್ತಲಿರುವ ಎಲ್ಲರ ಒಪ್ಪಿಗೆಯಿಲ್ಲದೆ ಎಕ್ಸ್‌ಟಿಂಕ್ಷನ್ ಶುರುಮಾಡುವುದಕ್ಕಿಂತ ಶುರುಮಾಡದಿರುವುದೇ ಲೇಸು. ಒಮ್ಮೊಮ್ಮೆ ಮಾತ್ರ ಪ್ರತಿಫಲ ಸಿಗುವ ವರ್ತನೆ ಪ್ರತಿಸಲವೂ ಸಿಗುವ ವರ್ತನೆಗಿಂತ ಗಟ್ಟಿಯಾಗಿ ಉಳಿಯುತ್ತದೆ, ಹಾಗಾಗಿ ನಾಲ್ಕು ದಿನ ಬಿಗಿಹಿಡಿದು ಐದನೆಯ ದಿನ ಸೋಲುವವರು ತಮಗರಿವಿಲ್ಲದೆ ಬೇರನ್ನು ಇನ್ನಷ್ಟು ಆಳಕ್ಕಿಳಿಸುತ್ತಾರೆ.

ಪ್ರತಿಫಲ ನಿಂತ ಆರಂಭದಲ್ಲಿ ವರ್ತನೆ ಒಮ್ಮೆಲೇ ಏರುವುದುಂಟು. ಮೋಟಾರಿನ ಸ್ವಿಚ್ ಒತ್ತಿದಾಗ ಏನೂ ಆಗದಿದ್ದರೆ ನಾವು ಕೈಬಿಡುವ ಮುನ್ನ ನಾಲ್ಕಾರು ಬಾರಿ ಟಕಟಕ ಒತ್ತಿ ನೋಡುವುದಿಲ್ಲವೇ, ಹಾಗೆ. ಆದರೆ ‘ಹೆಚ್ಚಾಗುತ್ತಿದೆ ಎಂದರೆ ತಂತ್ರ ಫಲಿಸುತ್ತಿದೆ’ ಎಂದು ಸಮಾಧಾನ ಹೇಳುವವರನ್ನು ನಂಬಬೇಡಿ. ಡೊರೊಥಿಯಾ ಲರ್ಮನ್ ಮತ್ತು ಇವಾಟಾ 1995ರಲ್ಲಿ 113 ಪ್ರಕರಣಗಳ ದತ್ತಾಂಶಗಳನ್ನು ಪರಿಶೀಲಿಸಿದಾಗ ಈ ಏರಿಕೆ ಕಂಡದ್ದು ಶೇಕಡಾ 24ರಷ್ಟರಲ್ಲಿ. ಎಕ್ಸ್‌ಟಿಂಕ್ಷನ್ ಒಂದನ್ನೇ ಬಳಸಿದಾಗ ಶೇಕಡಾ 36, ಬೇರೆ ಕ್ರಮಗಳೊಂದಿಗೆ ಸೇರಿಸಿ ಬಳಸಿದಾಗ ಶೇಕಡಾ 12. ಅಂದರೆ ಅದು ಬಂದೇ ಬರುವಂಥದ್ದಲ್ಲ, ಮೂರು ವಾರ ಏರುತ್ತಲೇ ಹೋಗುವಂಥದ್ದಂತೂ ಅಲ್ಲ. ನಿಮ್ಮ ಏರಿಕೆ ಕಲಿಕೆಯ ಏರಿಕೆ.

ಹಾಗಾದರೆ ಕಿರುಚಿದರೂ ಬಿಡದೆ ಕೈಹಿಡಿದು ಬರೆಸಬೇಕೇ? ಪುಸ್ತಕದ ಲೆಕ್ಕದಲ್ಲಿ ಪಾರಾಗಲು ಬಿಡದಿರುವುದೂ ಎಕ್ಸ್‌ಟಿಂಕ್ಷನ್ನೇ. ಆದರೆ ಅದೊಂದನ್ನೇ ನೆಚ್ಚಿಕೊಂಡರೆ ಪ್ರತಿ ಸಾಲೂ ಕುಸ್ತಿಯಾಗುತ್ತದೆ, ನಿಮ್ಮ ಮುಖ ಕಂಡರೇ ಓಡುವುದನ್ನು ಮಗು ಕಲಿಯುತ್ತದೆ. ಇದಕ್ಕಿಂತ ಒಳ್ಳೆಯ ದಾರಿಯನ್ನು ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ತೋರಿಸಿಕೊಟ್ಟರು. ಕಿರುಚಾಟದಿಂದ ಸಿಗುತ್ತಿದ್ದದ್ದು ಮಾತಿನಿಂದಲೇ ಸಿಗುವಂತೆ ಮಾಡಿದರೆ ಕಿರುಚಾಟದ ಅಗತ್ಯ ತಾನಾಗಿ ತಗ್ಗುತ್ತದೆ ಎಂಬುದು ಅದರ ತಿರುಳು. ಅವರ 4 ಮಕ್ಕಳಲ್ಲಿ ಕಷ್ಟದ ಕೆಲಸದಿಂದ ಕಂಗೆಟ್ಟವರಿಗೆ ‘ನನಗೆ ಅರ್ಥವಾಗುತ್ತಿಲ್ಲ’ ಎನ್ನಲು ಕಲಿಸಿದರು, ಗಮನ ಬೇಕಿದ್ದವರಿಗೆ ‘ನಾನು ಚೆನ್ನಾಗಿ ಮಾಡುತ್ತಿದ್ದೇನೆಯೇ?’ ಎಂದು ಕೇಳಲು ಕಲಿಸಿದರು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಮಗುವಿನ ಅಗತ್ಯಕ್ಕೆ ಹೊಂದದ ಮಾತನ್ನು ಕಲಿಸಿದಾಗ ತೊಂದರೆಯ ವರ್ತನೆ ತಗ್ಗಲಿಲ್ಲ ಎಂಬ ಸಂಗತಿ. ಮಾತು ಕಲಿಸಿದರಷ್ಟೇ ಸಾಲದು, ಆ ಮಾತು ಅದೇ ಬೀಗದ ಕೀಲಿಯಾಗಿರಬೇಕು.

ನಿಮ್ಮ ಹುಡುಗನಿಗೆ ‘ಸ್ವಲ್ಪ ಬಿಡುವು’ ಎಂಬ ಕಾರ್ಡು ಅಥವಾ ಮಾತು ಇರಲಿ. ಬರೆಯುವ ಪುಸ್ತಕ ತೆರೆದು, ಅವನು ಕಿರುಚುವ ಮೊದಲೇ ಅವನ ಕೈಯನ್ನು ಮೆಲ್ಲಗೆ ಕಾರ್ಡಿನತ್ತ ನಡೆಸಿ, ಅವನು ಅದನ್ನು ಕೊಟ್ಟ ಮರುಕ್ಷಣವೇ ಪುಸ್ತಕ ಮುಚ್ಚಿ. ದಿನ ಕಳೆದಂತೆ ಕೈ ನಡೆಸುವುದರ ಬದಲು ಬೊಟ್ಟು ಮಾಡಿ ತೋರಿಸಿ, ಆಮೇಲೆ ಬರೀ ಕಾದು ನೋಡಿ. ಪ್ರಾಂಪ್ಟ್, ಅಂದರೆ ನೀವು ಕೊಡುವ ಈ ನೆರವು, ಹೀಗೆ ಕರಗುತ್ತಾ ಹೋಗಬೇಕು, ಇಲ್ಲದಿದ್ದರೆ ಮಗು ಕಾರ್ಡನ್ನಲ್ಲ, ನಿಮ್ಮ ಕೈಯನ್ನು ಕಾಯಲು ಕಲಿಯುತ್ತದೆ. ಕಾರ್ಡು ಕಿರುಚಾಟಕ್ಕಿಂತ ಸುಲಭವೂ ವೇಗವೂ ಆಗಿರಬೇಕು. ಹತ್ತು ಹೆಜ್ಜೆ ದೂರದ ಕಪಾಟಿನಲ್ಲಿಟ್ಟ ಕಾರ್ಡು ಯಾರಿಗೂ ಉಪಯೋಗವಿಲ್ಲ.

ಟೋಕನ್ ಹಲಗೆ ಸೋತದ್ದಕ್ಕೆ ಕಾರಣ ಸರಳ. ಮೊದಲ ನಕ್ಷತ್ರಕ್ಕೇ ಇಡೀ ಸಾಲು ಕೇಳಿದಿರಿ. ಏಣಿಯ ಮೊದಲ ಮೆಟ್ಟಿಲು ಎದೆಯೆತ್ತರದಲ್ಲಿದ್ದರೆ ಹತ್ತುವವರಾರು? ಪೆನ್ಸಿಲ್ ಹಿಡಿದದ್ದಕ್ಕೆ ಒಂದು, ಒಂದು ಗೆರೆ ಎಳೆದದ್ದಕ್ಕೆ ಒಂದು ಎಂದು ಆರಂಭಿಸಿ ಬೇಡಿಕೆಯನ್ನು ಹಂತಹಂತವಾಗಿ ಏರಿಸುವುದನ್ನೇ ಶೇಪಿಂಗ್ ಎನ್ನುವುದು. ಇನ್ನೊಂದು ಮಾತು: ಬಿಲ್ಲೆಗಳು ಬೇರೆ ಹೊತ್ತಿನಲ್ಲೆಲ್ಲ ಅವನ ಕೈಗೆ ಸುಲಭವಾಗಿ ಸಿಗುತ್ತಿದ್ದರೆ ಅವುಗಳಿಗಾಗಿ ದುಡಿಯುವ ಪ್ರೇರಣೆಯಾದರೂ ಎಲ್ಲಿಂದ ಬರಬೇಕು?

ಉತ್ತರ 3: ಆಚೆಬದಿ

ಇಲ್ಲಿಯವರೆಗಿನ ಉತ್ತರಗಳು ತಾಂತ್ರಿಕವಾಗಿ ಸರಿಯಿವೆ. ನಾನು ಆಟಿಸಂ ಇರುವ ವಯಸ್ಕ, ಬಾಲ್ಯದಲ್ಲಿ ಇಂಥದೇ ಮೇಜಿನ ಆಚೆಬದಿಯಲ್ಲಿ ಕುಳಿತವನು. ಹಿರಿಯ ಶಿಕ್ಷಕರ ಮಾತಿಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಪುನರ್ಬಲನದ ನಿಯಮಗಳು ಪ್ರಾಣಿಗಳಲ್ಲಿ ಮೊದಲು ಪತ್ತೆಯಾದವು ಎಂಬುದು ಆಕ್ಷೇಪಣೆಯೇ ಅಲ್ಲ. ಅವು ಸಂಬಳಕ್ಕೆ ದುಡಿಯುವ ನಮ್ಮೆಲ್ಲರಿಗೂ ಅನ್ವಯಿಸುತ್ತವೆ. ಆಕ್ಷೇಪಿಸಬೇಕಾದದ್ದು ಆ ನಿಯಮಗಳನ್ನು ಯಾವುದಕ್ಕಾಗಿ ಬಳಸಿದರು ಎಂಬುದನ್ನು. ಇವಾರ್ ಲೊವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ಉಲ್ಲೇಖಿಸುತ್ತಾರೆ: ವಾರಕ್ಕೆ 40 ಗಂಟೆಗಳ ಎಬಿಎ ಬೋಧನೆ ಪಡೆದ, ಆಟಿಸಂ ಇರುವ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ತರಗತಿಯಲ್ಲಿ ಒಂದನೇ ತರಗತಿ ಮುಗಿಸಿದರು. ಮಕ್ಕಳನ್ನು ಗುಂಪುಗಳಿಗೆ ಹಂಚಿದ್ದು ಯಾದೃಚ್ಛಿಕವಾಗಿ ಅಲ್ಲ ಎಂಬುದನ್ನೂ, ಗದರುವುದು ಮತ್ತು ತೊಡೆಗೆ ಹೊಡೆಯುವುದು ಆ ಕಾರ್ಯಕ್ರಮದ ಭಾಗವಾಗಿತ್ತು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಹೊಡೆತ ನಿಂತ ಮೇಲೂ ‘ಕೈ ಸುಮ್ಮನಿರಲಿ’, ‘ನನ್ನ ಕಣ್ಣು ನೋಡು’ ಎಂಬ ಗುರಿಗಳು ಬಹುಕಾಲ ಉಳಿದವು. ನನಗೆ ಕೈ ಅಲ್ಲಾಡಿಸದಿರಲು ನಕ್ಷತ್ರ ಸಿಗುತ್ತಿತ್ತು. ನಾನು ಶಾಂತನಾಗುವುದನ್ನು ಕಲಿಯಲಿಲ್ಲ, ಶಾಂತನಂತೆ ಕಾಣುವುದನ್ನು ಕಲಿತೆ.

ಈ ಶಾಸ್ತ್ರದ ಒಳಗಿನಿಂದಲೇ ಇದಕ್ಕೆ ಉತ್ತರವೂ ಇದೆ. ಬೇಯರ್, ವುಲ್ಫ್ ಮತ್ತು ರಿಸ್ಲಿ 1968ರಲ್ಲಿ ಎಬಿಎಗೆ ಏಳು ಲಕ್ಷಣಗಳನ್ನು ಗೊತ್ತುಮಾಡಿದಾಗ ಅವುಗಳಲ್ಲಿ ಒಂದು, ಆರಿಸಿಕೊಂಡ ವರ್ತನೆ ಆ ವ್ಯಕ್ತಿಗೂ ಸಮಾಜಕ್ಕೂ ನಿಜವಾಗಿ ಮುಖ್ಯವಾದದ್ದಾಗಿರಬೇಕು ಎಂಬುದು. ಅದೇ ವುಲ್ಫ್ 1978ರಲ್ಲಿ, ಗುರಿ, ವಿಧಾನ ಮತ್ತು ಫಲಿತಾಂಶ ಮೂರನ್ನೂ ಅದರಿಂದ ಬಾಧಿತರಾಗುವವರು ಒಪ್ಪುತ್ತಾರೆಯೇ ಎಂದು ಕೇಳಬೇಕೆಂದರು. ಹಾಗಾಗಿ ಮೇಡಂ, ನನ್ನ ಪ್ರಶ್ನೆ ನಿಮಗೆ: ಆ ಹುಡುಗನಿಗೆ ಪೆನ್ಸಿಲಿನಿಂದಲೇ ಬರೆಸಬೇಕು ಎಂದು ನಿರ್ಧರಿಸಿದವರು ಯಾರು? ಅವನ ಬೆರಳುಗಳಿಗೆ ಪೆನ್ಸಿಲ್ ಹಿಡಿಯುವುದೇ ನೋವಾಗಿರಬಹುದಲ್ಲವೇ? ಅಕ್ಷರ ಕಲಿಸುವುದು ಗುರಿಯಾಗಿದ್ದರೆ ಅಕ್ಷರದ ಬಿಲ್ಲೆಗಳಿಂದಲೂ ಕಲಿಸಬಹುದು. ಅವನ ಕಿರುಚಾಟವನ್ನು ತಗ್ಗಿಸಬೇಕಾದ ಸದ್ದು ಎಂದು ಎಣಿಸುವ ಮೊದಲು ‘ಬೇಡ’ ಎಂಬ ಮಾತೆಂದು ಕೇಳಿಸಿಕೊಳ್ಳಿ. ಇನ್ನೊಂದು ವಿನಂತಿ: ಕಾರ್ಡಿನತ್ತ ಅವನ ಕೈ ನಡೆಸುವಾಗ ಅವನು ಕೈ ಎಳೆದುಕೊಂಡರೆ ಬಿಟ್ಟುಬಿಡಿ, ನೀವೇ ಕಾರ್ಡು ಬಳಸಿ ತೋರಿಸಿ. ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಹೇಳಲಾಗದ ಮಗು ಅದನ್ನು ಮೈಯಿಂದ ಹೇಳುತ್ತದೆ.

ಮರುಪ್ರಶ್ನೆ: ಹೊಸ ಶಿಕ್ಷಕಿ

ಮೂವರಿಗೂ ಧನ್ಯವಾದಗಳು. ಮೂಲೆಯ ಕುರ್ಚಿಯನ್ನು ಅಂದೇ ಕೈಬಿಟ್ಟೆ, ಒಂದು ವಾರ ದಾಖಲೆ ಇಟ್ಟೆ. (ಮೊದಲ ಉತ್ತರದವರು ಏನನ್ನೂ ಬದಲಿಸಬೇಡಿ ಎಂದಿದ್ದರು, ಕ್ಷಮಿಸಿ, ಅದನ್ನು ಮುಂದುವರಿಸಲು ಮನಸ್ಸು ಒಪ್ಪಲಿಲ್ಲ.) ಒಟ್ಟು 34 ಘಟನೆಗಳಲ್ಲಿ 29 ನಡೆದದ್ದು ಹಲಗೆಯ ಮೇಲಿದ್ದುದನ್ನು ನೋಡಿ ಬರೆಯುವಾಗ. ಪುಟದಲ್ಲೇ ಇರುವ ಚುಕ್ಕಿಗಳನ್ನು ಸೇರಿಸಿ ಬರೆಯುವಾಗ ಎರಡು, ಉಳಿದವು ಚದುರಿದಂತಿವೆ. ಬಿಲ್ಲೆಗಳಿಂದ ಅಕ್ಷರ ಜೋಡಿಸುವಾಗ ಒಂದೂ ಇಲ್ಲ. ಕಣ್ಣಿನ ತಪಾಸಣೆಗೆ ಪೋಷಕರು ಒಪ್ಪಿದ್ದಾರೆ. ನೋಡಿ ಬರೆಯುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ.

ಬಿಡುವಿನ ಕಾರ್ಡನ್ನೂ ಶುರುಮಾಡಿದೆ. ಕಿರುಚಾಟ ದಿನಕ್ಕೆ ಎರಡಕ್ಕೆ ಇಳಿದಿದೆ, ಆದರೆ ಹುಡುಗ ಈಗ ನಿಮಿಷಕ್ಕೊಮ್ಮೆ ಕಾರ್ಡು ಕೊಡುತ್ತಾನೆ! ನಿನ್ನೆ ಅರ್ಧ ಗಂಟೆಯಲ್ಲಿ 17 ಬಾರಿ. ಸಹೋದ್ಯೋಗಿಗಳು ‘ಕೆಲಸ ತಪ್ಪಿಸಿಕೊಳ್ಳಲು ನೀವೇ ಪರವಾನಗಿ ಕೊಟ್ಟಿರಿ’ ಎಂದು ನಗುತ್ತಿದ್ದಾರೆ. ಪ್ರತಿ ಸಲವೂ ಬಿಡುವು ಕೊಡಲೇಬೇಕೇ?

ಉತ್ತರ 4: ನಿಧಾನಗತಿ

ಸದ್ಯಕ್ಕೆ ಹೌದು, ಪ್ರತಿ ಸಲವೂ ಕೊಡಿ. ಅರ್ಧ ಗಂಟೆಯಲ್ಲಿ 17 ಬಾರಿ ಕಿರುಚದೆ ಕೇಳಿದ್ದಾನೆ ಎಂದು ಓದಿಕೊಂಡರೆ ಆ ಅಂಕಿಯೇ ಬೇರೆಯಾಗಿ ಕಾಣುತ್ತದೆ. ಹೊಸದಾಗಿ ಕಲಿತ ಮಾತಿಗೆ ಆರಂಭದಲ್ಲಿ ತಪ್ಪದೆ ಉತ್ತರ ಸಿಗಬೇಕು. ಈಗ ನೀವು ಒಂದೆರಡು ಬಾರಿ ನಿರಾಕರಿಸಿದರೆ ಅವನು ಹಳೆಯ, ಗಟ್ಟಿಯಾಗಿ ಬೇರೂರಿದ ಮಾತಿಗೆ ಮರಳುತ್ತಾನೆ.

ನಾಲ್ಕೈದು ದಿನ ಕಿರುಚಾಟ ಇಳಿದೇ ಇದ್ದರೆ ಕಾಯುವುದನ್ನು ಸಣ್ಣದಾಗಿ ಕಲಿಸಲು ತೊಡಗಿ. ಕಾರ್ಡು ಕೊಟ್ಟಾಗ ‘ಸರಿ, ಒಂದು ಚುಕ್ಕಿ ಸೇರಿಸಿ ಬಿಡುವು’ ಎನ್ನಿ, ಅಷ್ಟಾದೊಡನೆ ಬಿಡುವು ಕೊಡಿ. ಒಂದು ನೆಲೆಗೊಂಡ ಮೇಲೆ ಎರಡು, ಆಮೇಲೆ ನಾಲ್ಕು. ಯಾವುದಾದರೂ ದಿನ ಕಿರುಚಾಟ ಮತ್ತೆ ಏರಿದರೆ ನೀವು ಮೆಟ್ಟಿಲು ಹಾರಿದ್ದೀರಿ ಎಂದರ್ಥ, ಒಂದು ಹಂತ ಕೆಳಗಿಳಿಯಿರಿ. ಇದರ ಜೊತೆಗೆ, ಬಿಡುವು ಕೇಳದೆ ಕೆಲಸ ಮುಗಿಸಿದಾಗ ಸಿಗುವ ಬಿಡುವು ಕೇಳಿ ಪಡೆದ ಬಿಡುವಿಗಿಂತ ತುಸು ಉದ್ದವಾಗಿರಲಿ, ಅದರಲ್ಲಿ ಬಿಲ್ಲೆಗಳೂ ಇರಲಿ. ಆಯ್ಕೆ ಅವನದೇ ಆಗಿರುತ್ತದೆ, ತಕ್ಕಡಿ ಮಾತ್ರ ಕೆಲಸದ ಕಡೆಗೆ ಸ್ವಲ್ಪ ವಾಲಿರುತ್ತದೆ.

ಎರಡು ಗೆರೆಗಳ ಒಂದು ನಕ್ಷೆ ಬರೆದು ಗೋಡೆಗೆ ಅಂಟಿಸಿ: ದಿನದ ಕಿರುಚಾಟ ಒಂದು ಗೆರೆ, ದಿನದ ಕಾರ್ಡು ಇನ್ನೊಂದು. ನಗುವ ಸಹೋದ್ಯೋಗಿಗಳಿಗೆ ಬೇರೆ ಉತ್ತರ ಬೇಕಾಗುವುದಿಲ್ಲ. ಅವರಿಂದಲೂ ಒಂದು ಕೆಲಸವಾಗಬೇಕಿದೆ. ಮುಂದಿನ ವಾರದಿಂದ ದಿನಕ್ಕೆ ಹತ್ತು ನಿಮಿಷ ಅವರಲ್ಲೊಬ್ಬರು ಅವನ ಜೊತೆ ಕೂತು ಅದೇ ಕಾರ್ಡಿಗೆ ಅದೇ ಉತ್ತರ ಕೊಡಲಿ. ಒಬ್ಬರ ಬಳಿ ಕಲಿತದ್ದು ಇನ್ನೊಬ್ಬರ ಬಳಿ ತಾನಾಗಿ ಬಂದೀತೆಂದು ಕಾಯುತ್ತಾ ಕೂರಬಾರದು, ಅದನ್ನೂ ಯೋಜಿಸಬೇಕು ಎಂದು ಸ್ಟೋಕ್ಸ್ ಮತ್ತು ಬೇಯರ್ 1977ರಲ್ಲೇ ಎಚ್ಚರಿಸಿದ್ದಾರೆ. ನಿಮ್ಮ ತರಬೇತಿಯ ಅವಧಿ ಮುಗಿದು ನೀವು ಹೊರಟ ದಿನವೂ ಆ ಕಾರ್ಡು ನಡೆಯಬೇಕಲ್ಲವೇ?

ಕಣ್ಣಿನ ತಪಾಸಣೆಯಲ್ಲಿ ಏನು ತಿಳಿಯಿತು ಎಂಬುದನ್ನು ಇಲ್ಲಿ ಬರೆಯಿರಿ. 34ರಲ್ಲಿ 29 ಹಲಗೆ ನೋಡುವಾಗಲೇ ಆಗಿದೆ ಎಂದ ಮೇಲೆ ನನಗೆ ಅವನ ಹಟಕ್ಕಿಂತ ಅವನ ಕಣ್ಣಿನ ಮೇಲೆಯೇ ಹೆಚ್ಚು ಅನುಮಾನ.